ಜೈನಪುರಾಣಗಳಲ್ಲಿ ಮನುಷ್ಯಲೋಕದ ಎಲ್ಲೆ

ವಾಡಿಯಿಂದ ಚಿತ್ತಾಪುರದ ಮೇಲೆ ಸೇಡಂಗೆ ಹೋಗುವ ದಾರಿಯಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಈ ಅರಸರ ಆಶ್ರಯದಲ್ಲಿ ಬೆಳೆದ ವಾಙ್ಮಯವು ಎರಡು ಬಗೆಯ ಎಲ್ಲೆಗಳನ್ನು ಗುರುತಿಸಿದೆ. ಕ್ರಿ.ಶ. ಸುಮಾರು 850ರ ಕವಿರಾಜಮಾರ್ಗವು ಕನ್ನಡನಾಡನ್ನು ಕಾವೇರಿ ಗೋದಾವರಿಗಳ ನಡುವೆ ಇರಿಸುತ್ತದೆ. ನೃಪತುಂಗನ ಗುರುವೆನಿಸಿದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವೂ, 965ರಲ್ಲಿ ಪುಷ್ಪದಂತನು ಮಾನ್ಯಖೇಟದಲ್ಲಿಯೇ ಮುಗಿಸಿದ ಅಪಭ್ರಂಶ ಮಹಾಪುರಾಣವೂ ಮನುಷ್ಯರು ನೆಲಸಿರುವ ಸಮಸ್ತ ಲೋಕವನ್ನೇ ಕಥಾಭೂಮಿಯಾಗಿ ಹಿಡಿದಿವೆ. ಮೊದಲನೆಯ ಎಲ್ಲೆಯನ್ನು ಕುರಿತು ಚರ್ಚೆ ಬೇಕಾದಷ್ಟು ನಡೆದಿದೆ. ಎರಡನೆಯದನ್ನು ಬರಿಯ ಕಲ್ಪನೆಯೆಂದು ಬದಿಗೊತ್ತುವುದೇ ಹೆಚ್ಚು. ಇದರಿಂದ ಪಂಪನ ಆದಿಪುರಾಣದ ಪಾಠಕ್ಕೆ ಹಾನಿಯುಂಟು.

ಜೈನರ ಮಧ್ಯಲೋಕದಲ್ಲಿ ದ್ವೀಪಸಮುದ್ರಗಳು ಬಳೆಗಳಂತೆ ಒಂದನ್ನೊಂದು ಸುತ್ತುವರಿದು ಅಸಂಖ್ಯಾತವಾಗಿವೆ. ನಡುವಣ ಜಂಬೂದ್ವೀಪದ ವ್ಯಾಸ 1 ಲಕ್ಷ ಯೋಜನ. ಅಲ್ಲಿಂದ ಹೊರಕ್ಕೆ ಅಗಲವು ಇಮ್ಮಡಿಸುತ್ತ ಹೋಗುತ್ತದೆ: ಲವಣಸಮುದ್ರ 2 ಲಕ್ಷ, ಧಾತಕೀಖಂಡ 4, ಕಾಲೋದ 8, ಪುಷ್ಕರವರದ್ವೀಪ 16. ಈ ಕೊನೆಯ ದ್ವೀಪದ ನಟ್ಟನಡುವೆ ಮಾನುಷೋತ್ತರ ಪರ್ವತವು ಉಂಗುರದಂತೆ ನಿಂತಿದೆ. ಅದರೊಳಗಿನ ಎರಡೂವರೆ ದ್ವೀಪಗಳೇ ಮನುಷ್ಯಲೋಕ. ಇಕ್ಕೆಲಗಳ ಅಗಲವನ್ನು ಕೂಡಿಸಿದರೆ 44 ಲಕ್ಷ. ಜಂಬೂದ್ವೀಪ ಸೇರಿ 45 ಲಕ್ಷ ಯೋಜನ. ಪರ್ವತದಾಚೆ ಪಶುಪಕ್ಷಿಗಳುಂಟು, ದೇವತೆಗಳ ವಿಹಾರವುಂಟು. ಆಕಾಶಗಾಮಿಗಳಾದ ವಿದ್ಯಾಧರರಿಗೂ ಅದನ್ನು ದಾಟಲಾಗದು. ಸೂರ್ಯಚಂದ್ರರು ಮೇರುವನ್ನು ಸುತ್ತುವುದು ಈ ಎಲ್ಲೆಯೊಳಗೆ ಮಾತ್ರ, ಹೊರಗಿನವು ನಿಶ್ಚಲ. ಆದಕಾರಣ ಹಗಲಿರುಳುಗಳ ಕಾಲಗಣನೆಯೂ ಮನುಷ್ಯಲೋಕದ್ದೇ ಆಗಿದೆ.

ಒಳಗಿನ ನೆಲವಾದರೂ ಒಂದೇ ತೆರನಲ್ಲ. ಭೋಗಭೂಮಿಗಳು 30, ಅಲ್ಲಿ ಕಲ್ಪವೃಕ್ಷಗಳು ಬೇಡಿದ್ದನ್ನು ಕೊಡುತ್ತವೆ, ದುಡಿಮೆಯಿಲ್ಲ, ಮೋಕ್ಷವೂ ಇಲ್ಲ. ಭರತ, ಐರಾವತ, ವಿದೇಹಗಳು ಐದೈದರಂತೆ 15 ಕರ್ಮಭೂಮಿಗಳು. ಮುಕ್ತಿಸಾಧನೆ ಇಲ್ಲಿಯ ಮನುಷ್ಯಜನ್ಮದಲ್ಲಿಯೇ ಆಗಬೇಕು. ಲೋಕಾಗ್ರದ ಸಿದ್ಧಶಿಲೆಯ ವ್ಯಾಸವೂ 45 ಲಕ್ಷ ಯೋಜನವೆಂದು ಹೇಳಿರುವುದು ಇದಕ್ಕೆ ಒಪ್ಪುತ್ತದೆ. ಮುಕ್ತಜೀವವು ತಾನಿದ್ದ ಎಡೆಯಿಂದ ನೆಟ್ಟಗೆ ಮೇಲೇರತಕ್ಕುದಾದ್ದರಿಂದ ಕೆಳಗಣ ಮನುಷ್ಯಲೋಕದ ಅಳತೆಯೇ ಮೇಲಣ ಸಿದ್ಧಶಿಲೆಗೂ ಬಂದಿದೆ.

941ರ ಪಂಪನ ಕಾವ್ಯದಲ್ಲಿ ಆದಿದೇವನ ಭವಾವಳಿಯು ಈ ನೆಲದ ಮೇಲೆಯೇ ನಡೆಯುತ್ತದೆ. ಮಹಾಬಲನು ಪಶ್ಚಿಮವಿದೇಹದ ಅಲಕಾಪುರಿಯವನು. ವಜ್ರಜಂಘನು ಪೂರ್ವವಿದೇಹದ ಉತ್ಪಲಖೇಟದವನು. ವಜ್ರಜಂಘ ಶ್ರೀಮತಿಯರು ಒಟ್ಟಿಗೆ ಮಡಿದು ಉತ್ತರಕುರುವಿನ ಭೋಗಭೂಮಿಯಲ್ಲಿ ಹುಟ್ಟಿದಾಗ ಓದುಗನಿಗೆ ಕಥೆ ಸುಖಾಂತವೆಂದು ತೋರಬಹುದು. ಆದರೆ ಅಲ್ಲಿ ಮುಕ್ತಿಯಿಲ್ಲವೆಂಬುದನ್ನು ಅರಿತವನಿಗೆ ಅದು ತಂಗುದಾಣ ಮಾತ್ರ. ಜೀವವು ಕರ್ಮಭೂಮಿಗೆ ಮರಳಲೇಬೇಕು. ಕಡೆಯ ಜನ್ಮದಲ್ಲಿ ಸ್ಥಿತಿಯು ಇನ್ನೂ ವಿಶೇಷವಾದುದು. ಭರತಕ್ಷೇತ್ರದಲ್ಲಿ ಕಾಲವಶದಿಂದ ಕಲ್ಪವೃಕ್ಷಗಳು ಮರೆಯಾಗಿ, ಭೋಗಭೂಮಿಯ ಸ್ಥಿತಿ ಕರ್ಮಭೂಮಿಗೆ ತಿರುಗುವ ಸಂಧಿಯಲ್ಲಿ ವೃಷಭನಾಥನು ಜನಿಸಿ, ಹಸಿದ ಪ್ರಜೆಗೆ ಅಸಿ ಮಸಿ ಕೃಷಿಗಳನ್ನು ಕಲಿಸುತ್ತಾನೆ.

ದ್ವೀಪದಿಂದ ದ್ವೀಪಕ್ಕೆ ದಾರಿ ಯಾವುದು? ಶ್ರೀಮತಿಯ ಪೂರ್ವಜನ್ಮವೇ ಇದಕ್ಕೆ ಉತ್ತರ. ಆಕೆ ಹಿಂದೆ ಧಾತಕೀಖಂಡದಲ್ಲಿ ನಿರ್ನಾಮಿಕೆಯೆಂಬ, ಹೆಸರಿಗೂ ಗತಿಯಿಲ್ಲದ ಬಡ ಹುಡುಗಿ. ಪಿಹಿತಾಸ್ರವ ಮುನಿಯಿಂದ ವ್ರತವನ್ನು ಪಡೆದು, ಸತ್ತು, ಸ್ವರ್ಗದಲ್ಲಿ ಸ್ವಯಂಪ್ರಭೆಯಾಗಿ, ಅಲ್ಲಿಂದ ಇಳಿದು ಜಂಬೂದ್ವೀಪದ ಪುಂಡರೀಕಿಣಿಯ ಅರಮನೆಯಲ್ಲಿ ಹುಟ್ಟುತ್ತಾಳೆ. 2 ಲಕ್ಷ ಯೋಜನದ ಲವಣಸಮುದ್ರವನ್ನು ಆಕೆ ದಾಟಿದ್ದು ಹೀಗೆ. ಕಥೆಯಲ್ಲಿ ಹಡಗಿನ ಮಾತೇ ಇಲ್ಲ.