ಗೂಟಕ್ಕೆ ಎರಡು ಸುತ್ತು

ಕೊಚ್ಚಿಗೆ ಉತ್ತರದಲ್ಲಿರುವ ಪಟ್ಟಣಂ ಎಂಬ ಹಳ್ಳಿಯಲ್ಲಿ 2007ರಲ್ಲಿ ನೆಲ ಅಗೆದಾಗ ಹೆಬ್ಬಲಸಿನ ಮರದ ದೋಣಿಯೊಂದು ಸಿಕ್ಕಿತು. ಉದ್ದ ಸುಮಾರು 6 ಮೀಟರ್. ಅದರ ಆಸುಪಾಸಿನಲ್ಲೇ ದೋಣಿ ಕಟ್ಟುವ ತೇಗದ ಗೂಟಗಳು. ಅಗೆಸಿದ್ದು ತಿರುವನಂತಪುರದ ಕೇರಳ ಇತಿಹಾಸ ಸಂಶೋಧನಾ ಪರಿಷತ್ತು. ದೋಣಿಯ ವಯಸ್ಸು ಸುಮಾರು 2000 ವರ್ಷ. ರೋಮನ್ ಹಡಗುಗಳು ಕರಿಮೆಣಸಿಗಾಗಿ ಬರುತ್ತಿದ್ದ ಮುಜಿರಿಸ್ ಇದೇ ಎಂದು ಅಗೆದವರ ವಾದ. ಅದು ಹೌದೋ ಅಲ್ಲವೋ ಎಂಬ ಜಗಳ ವಿದ್ವಾಂಸರಿಗಿರಲಿ. ಗೂಟವಿದ್ದ ಮೇಲೆ ಹಗ್ಗವಿತ್ತು, ಹಗ್ಗವಿದ್ದ ಮೇಲೆ ಅದನ್ನು ಬಿಗಿಯುವ ಬಗೆಯೂ ಇತ್ತು.

ದುಂಡು ಮರಕ್ಕೆ ಹಗ್ಗ ಬಿಗಿಯುವ ತೀರ ಸರಳ ಬಗೆಯನ್ನು ಸ್ಕೌಟ್ ಮಕ್ಕಳು ಕ್ಲೋವ್ ಹಿಚ್ ಎಂದು ಕಲಿಯುತ್ತಾರೆ. ಒಂದು ಸುತ್ತು ಹಾಕಿ, ಹಗ್ಗವನ್ನು ಅದರ ಮೇಲೆಯೇ ಅಡ್ಡ ಹಾಯಿಸಿ, ಇನ್ನೊಂದು ಸುತ್ತು ತಂದು, ತುದಿಯನ್ನು ಆ ಅಡ್ಡ ಎಳೆಯ ಅಡಿಗೆ ತೂರಿಸಿದರೆ ಆಯಿತು. ಹಿಡಿತವೆಲ್ಲ ಘರ್ಷಣೆಯದು. ಘರ್ಷಣಾಂಕ 0.3 ಇದ್ದರೆ, ಮರಕ್ಕೆ ಸುತ್ತಿದ ಹಗ್ಗದ ಒಂದೇ ಸುತ್ತು ಎಳೆತವನ್ನು ಆರರಲ್ಲೊಂದು ಪಾಲಿಗಿಂತ ಕೆಳಗಿಳಿಸುತ್ತದೆ. ಎರಡು ಸುತ್ತಿಗೆ ನಲವತ್ತರಲ್ಲೊಂದು ಪಾಲೂ ಉಳಿಯುವುದಿಲ್ಲ. ಒರಟು ಮೈಯ, ಉಪ್ಪುನೀರಿಗೆ ಬೇಗ ಕೊಳೆಯದ ಕತ್ತದ ಹಗ್ಗ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಫೋರ್ಟ್ ಕೊಚ್ಚಿಯ ಚೀನೀ ಬಲೆಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರು ನೋಡುವುದು ಬಲೆಯನ್ನು. ನೋಡಬೇಕಾದ್ದು ಹಿಂಬದಿಯನ್ನು. ತೊಲೆಗಳು ಕೂಡುವಲ್ಲಿ ಹಗ್ಗದ ಕಟ್ಟು, ಸಮತೂಕಕ್ಕೆ ಬೇರೆ ಬೇರೆ ಉದ್ದದ ಹಗ್ಗಗಳಲ್ಲಿ ತೂಗುವ ಕಲ್ಲುಗುಂಡುಗಳು. ಬಲೆ ಇಳಿದಂತೆಲ್ಲ, ಏಳುವಾಗಲೂ, ಇಡೀ ಚೌಕಟ್ಟು ತುಸು ಅಲುಗುತ್ತದೆ. ಕಟ್ಟು ಅದಕ್ಕೆ ಮಣಿಯುತ್ತದೆ. ಈ ಬಲೆ ತಂದವರು 15ನೇ ಶತಮಾನದ ಚೀನೀ ನೌಕಾಧಿಪತಿ ಝೆಂಗ್ ಹೆಯ ನಾವಿಕರೆಂದು ಕೆಲವರು, ಮಕಾವಿನಿಂದ ಪೋರ್ಚುಗೀಸರೆಂದು ಕೆಲವರು.

ತಿರುವನಂತಪುರದ ಕರಾವಳಿಯಲ್ಲಿ ಕಟ್ಟಿನ ಇನ್ನೊಂದು ಗುಣಕ್ಕೆ ಬೆಲೆ: ಅದು ಬಿಚ್ಚಿಕೊಳ್ಳುತ್ತದೆ. ಅಲ್ಲಿನ ಮೀನುಗಾರ ಸಮುದಾಯವಾದ ಮುಕ್ಕುವರ ಕಟ್ಟುಮರವೆಂದರೆ ಹಗುರ ಮರದ ನಾಲ್ಕೈದು ದಿಮ್ಮಿಗಳನ್ನು ಎರಡೂ ತುದಿಯಲ್ಲಿ ಹಗ್ಗದಿಂದ ಬಿಗಿದದ್ದು, ಅಷ್ಟೇ. ಮೀನು ಹಿಡಿದು ದಡ ಸೇರಿದ ಮೇಲೆ ಕಟ್ಟು ಬಿಚ್ಚಿ ದಿಮ್ಮಿಗಳನ್ನು ಮರಳಿನ ಮೇಲೆ ಒಣಗಹಾಕಬೇಕು. ನೀರು ಕುಡಿದ ಮರ ಭಾರವಾಗುತ್ತದೆ. ಮೊಳೆ ಹೊಡೆದಿದ್ದರೆ ಇದು ಸಾಧ್ಯವಿರಲಿಲ್ಲ.

1980ರ ದಶಕದಲ್ಲಿ ಪ್ಲೈವುಡ್ ದೋಣಿ ಬಂತು. ಅದರ ಹಿಂದೆ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನ ದೋಣಿ ಕಟ್ಟುವ ಕೇಂದ್ರವೂ, 1980ರಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಗೊಂಡ ಮೀನುಗಾರ ಸಂಘಗಳ ಒಕ್ಕೂಟ ಸಿಫ್ಸ್ ಕೂಡ ಇದ್ದವು. ಔಟ್‌ಬೋರ್ಡ್ ಎಂಜಿನ್ ಕೂಡಿಸಿದ ಈ ದೋಣಿಯ ಒಡಲನ್ನು ದಿನವೂ ಬಿಚ್ಚಿ ಕಟ್ಟುವ ಮಾತಿಲ್ಲ. ಹಗ್ಗವೂ ನೈಲಾನ್ ಆಯಿತು. ಅದರ ನುಣುಪಿಗೆ ಕ್ಲೋವ್ ಹಿಚ್ ಜಾರುತ್ತದೆ, ಅದರಲ್ಲೂ ಎಳೆತ ಕಂಬದ ಉದ್ದಕ್ಕೆ ಬಿದ್ದಾಗ. ಅಂಥಲ್ಲಿ ನಾವಿಕರು ಎಳೆತ ಬೀಳುವ ಕಡೆ ಇನ್ನೊಂದು ಸುತ್ತು ಸೇರಿಸುತ್ತಾರೆ. ಹಾಗೆ ಕಟ್ಟಿದ್ದಕ್ಕೆ ರೋಲಿಂಗ್ ಹಿಚ್ ಎಂದು ಹೆಸರು.