ಅಪ್ಪನ ಹಳೇ ಲೆನ್ಸು, ನಿಮ್ಮ ಹೊಸ ಕ್ಯಾಮೆರಾ



ರಜೆಗೆಂದು ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲೋ, ಬೀರುವಿನ ಮೇಲಿನ ಖಾನೆಯಲ್ಲೋ ಚರ್ಮದ ಚೀಲದೊಳಗೆ ಮಲಗಿರುವ ಹಳೆಯ ಕ್ಯಾಮೆರಾ ನಿಮ್ಮ ಕಣ್ಣಿಗೆ ಬಿದ್ದಿರಬಹುದು. "ರೀಲಿನ ಕಾಲ ಮುಗಿಯಿತು, ಗುಜರಿಗೆ ಹಾಕೋಣ" ಎನ್ನುತ್ತಾರೆ ಮನೆಯವರು. ಸ್ವಲ್ಪ ತಾಳಿ! ಕ್ಯಾಮೆರಾ ಮೂಲೆ ಸೇರಿದರೂ ಅದರ ಲೆನ್ಸ್‌ಗೆ ಇನ್ನೂ ಆಯಸ್ಸು ಇರಬಹುದು. ಬೇರೆ ಕಂಪನಿಯದಾದರೂ ಅದನ್ನು ಅಡಾಪ್ಟರ್ ಎಂಬ ಬಳೆಯ ಮೂಲಕ ಡಿಜಿಟಲ್ ಕ್ಯಾಮೆರಾಕ್ಕೆ ಕೂರಿಸಬಹುದು. ಆದರೆ ಎಲ್ಲ ಲೆನ್ಸೂ ಎಲ್ಲ ಕ್ಯಾಮೆರಾಕ್ಕೂ ಒಗ್ಗುವುದಿಲ್ಲ. ಅದನ್ನು ನಿರ್ಧರಿಸುವುದು ಮುಖ್ಯವಾಗಿ ಒಂದು ಅಳತೆ. ಅದು ಗೊತ್ತಿಲ್ಲದೆ ಅಡಾಪ್ಟರ್ ಕೊಂಡರೆ ದುಡ್ಡು ದಂಡ.

ಬಿಚ್ಚಲು ಬರುತ್ತದೆಯೇ?

ಮೊದಲು ನೋಡಬೇಕಾದ್ದು ಇದು. ಯಾಶಿಕಾ ಎಲೆಕ್ಟ್ರೋ 35, ಯಾಶಿಕಾ ಎಂಎಫ್-2 ಇಂಥವುಗಳಲ್ಲಿ ಲೆನ್ಸ್ ಕ್ಯಾಮೆರಾದ ಮೈಗೇ ಅಂಟಿಕೊಂಡಿರುತ್ತದೆ. ಅವನ್ನು ನೆನಪಿಗೆಂದು ಇಟ್ಟುಕೊಳ್ಳಿ. ಝೆನಿಟ್, ಪೆಂಟಾಕ್ಸ್, ನಿಕಾನ್, ಮಿನೋಲ್ಟಾ ಮುಂತಾದ ಎಸ್‌ಎಲ್‌ಆರ್ ಕ್ಯಾಮೆರಾಗಳಾದರೆ ಲೆನ್ಸನ್ನು ತಿರುಗಿಸಿ ಬಿಚ್ಚಬಹುದು. ನಮ್ಮ ಮಾತು ಇವುಗಳ ಬಗ್ಗೆ.

ಆ ಒಂದು ಅಳತೆ

ಲೆನ್ಸ್ ಕೂರುವ ಲೋಹದ ಬಳೆಯಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗಿನ ದೂರವೇ ಆ ಅಳತೆ. ಪ್ರತಿ ಕಂಪನಿಯೂ ಇದನ್ನು ತನ್ನದೇ ಲೆಕ್ಕದಲ್ಲಿ ಇಟ್ಟಿದೆ. ನಿಕಾನ್ ಎಸ್‌ಎಲ್‌ಆರ್‌ಗಳಲ್ಲಿ 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44 ಮಿ.ಮೀ., ಸೋನಿ ಇ-ಮೌಂಟ್‌ನಲ್ಲಿ 18 ಮಿ.ಮೀ., ನಿಕಾನ್ ಝಡ್‌ನಲ್ಲಿ 16 ಮಿ.ಮೀ. ಹಳೆಯ ಪ್ರಾಕ್ಟಿಕಾ, ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್, ಝೆನಿಟ್ ಕ್ಯಾಮೆರಾಗಳು ಬಳಸುತ್ತಿದ್ದ ಎಂ42 ಎಂಬ ತಿರುಪಿನ ಮೌಂಟ್‌ನಲ್ಲಿ 45.46 ಮಿ.ಮೀ.

ಈಗ ಕಳೆಯುವ ಲೆಕ್ಕ ಮಾಡಿ. ಮನೆಯಲ್ಲಿ ಝೆನಿಟ್ ಜೊತೆ ಬಂದ ಹೀಲಿಯೋಸ್ 44-2 ಲೆನ್ಸ್ ಇದೆ ಎನ್ನೋಣ. 58 ಮಿ.ಮೀ., ಎಫ್/2, ಎಂ42 ತಿರುಪಿನದು. ಸೋನಿ ಕ್ಯಾಮೆರಾಕ್ಕೆ ಹಾಕಲು 45.46ರಲ್ಲಿ 18 ಕಳೆದರೆ 27.46 ಮಿ.ಮೀ. ಅಷ್ಟು ಉದ್ದದ ಟೊಳ್ಳು ಕೊಳವೆಯೇ ಅಡಾಪ್ಟರ್. ಒಳಗೆ ಗಾಜಿಲ್ಲ, ವಿದ್ಯುತ್ತಿಲ್ಲ. ಅದಕ್ಕೇ ಅಗ್ಗ. ಕ್ಯಾನನ್ ಡಿಎಸ್‌ಎಲ್‌ಆರ್ ಆದರೆ ಉಳಿಯುವುದು 1.46 ಮಿ.ಮೀ., ತೆಳ್ಳನೆಯ ಬಳೆ ಸಾಕು.

ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಕ್ಯಾಮೆರಾದ ದೂರವೇ ಲೆನ್ಸಿನದಕ್ಕಿಂತ ಹೆಚ್ಚು. ಬಳೆ ಹಾಕಿ ಕೂರಿಸಿದರೆ ಹತ್ತಿರದ ಹೂವು ಸ್ಪಷ್ಟವಾಗಿ ಬರುತ್ತದೆ, ದೂರದ ಬೆಟ್ಟ ಮಸುಕಾಗಿಯೇ ಉಳಿಯುತ್ತದೆ. ಇದಕ್ಕೆಂದೇ ಗಾಜಿರುವ ಅಡಾಪ್ಟರ್‌ಗಳು ಸಿಗುತ್ತವೆ. ಆದರೆ ಅಗ್ಗದ ಗಾಜು ಚಿತ್ರದ ಸ್ಪಷ್ಟತೆಯನ್ನೇ ಕೆಡಿಸುತ್ತದೆ.

ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪಿತು. ಕನ್ನಡಿಯೇ ಇಲ್ಲದ್ದರಿಂದ ಸೆನ್ಸರ್ ಮುಂದಿನ ಜಾಗ ಕಿರಿದಾಯಿತು, ಅಡಾಪ್ಟರ್‌ಗೆ ಎಡೆ ಸಿಕ್ಕಿತು. 2008ರಲ್ಲಿ ಪ್ಯಾನಸಾನಿಕ್ ಜಿ1, 2010ರಲ್ಲಿ ಸೋನಿ ನೆಕ್ಸ್, 2013ರಲ್ಲಿ ದೊಡ್ಡ ಸೆನ್ಸರಿನ ಸೋನಿ ಎ7 ಬಂದವು. 2018ರಲ್ಲಿ ನಿಕಾನ್, ಕ್ಯಾನನ್ ಕೂಡ ದೊಡ್ಡ ಸೆನ್ಸರಿನ ಮಿರರ್‌ಲೆಸ್‌ಗಳನ್ನು ತಂದವು. ಎಸ್‌ಎಲ್‌ಆರ್ ಕಾಲದ ಹೆಚ್ಚಿನ ಲೆನ್ಸ್‌ಗಳು ಇವಕ್ಕೆ ಹೊಂದುತ್ತವೆ.

ತೆಗೆಯುವುದು ಹೇಗೆ?

ಲೆನ್ಸ್ ಕೂರಿಸಿ ಬಟನ್ ಒತ್ತಿದರೆ ಕ್ಯಾಮೆರಾ ಸುಮ್ಮನಿದೆಯೇ? ಗಾಬರಿಯಾಗಬೇಡಿ. ವಿದ್ಯುತ್ ಸಂಪರ್ಕವಿಲ್ಲದ್ದರಿಂದ ಲೆನ್ಸೇ ಇಲ್ಲ ಎಂದು ಅದು ತಿಳಿದಿದೆ. ಮೆನುವಿನಲ್ಲಿ, ಲೆನ್ಸ್ ಇಲ್ಲದೆಯೂ ಶಟರ್ ಬಿಡುಗಡೆಗೆ ಅನುಮತಿ ಕೊಡುವ ಆಯ್ಕೆ ಹುಡುಕಿ ಆನ್ ಮಾಡಿ. ಡಯಲನ್ನು 'ಎ' ಗುರುತಿಗೆ ತಿರುಗಿಸಿ, ಕ್ಯಾನನ್‌ನಲ್ಲಾದರೆ 'ಎವಿ'. ಅಪರ್ಚರ್ ಲೆನ್ಸಿನ ಮೇಲೆ ನಿಮ್ಮ ಕೈಯಲ್ಲಿ, ಶಟರ್ ವೇಗ ಕ್ಯಾಮೆರಾದ ಲೆಕ್ಕ.

ಫೋಕಸ್ ಪೂರ್ತಿ ನಿಮ್ಮದೇ. ಬಹಳಷ್ಟು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಫೋಕಸ್ ಪೀಕಿಂಗ್ ಎಂಬ ಸೌಲಭ್ಯವಿದೆ. ಸ್ಪಷ್ಟವಾದ ಅಂಚುಗಳು ಬಣ್ಣದಲ್ಲಿ ಮಿನುಗುತ್ತವೆ. ಮುಖದ ಚಿತ್ರಕ್ಕೆ ಅದನ್ನಷ್ಟೇ ನಂಬದೆ, ಕಣ್ಣಿನ ಭಾಗವನ್ನು ದೊಡ್ಡದು ಮಾಡಿ ನೋಡಿಕೊಳ್ಳಿ. ಹೀಲಿಯೋಸ್ 44-2ರಲ್ಲಿ ಅಪರ್ಚರ್‌ಗೆ ಎರಡು ಬಳೆಗಳಿವೆ. ಒಂದರಲ್ಲಿ ಬೇಕಾದ ಅಂಕಿ ಹಿಡಿದಿಟ್ಟು, ಇನ್ನೊಂದನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ತಡೆಯುವವರೆಗೆ ಮುಚ್ಚಿ ಬಟನ್ ಒತ್ತುವುದು. ನಾಲ್ಕು ದಿನದಲ್ಲಿ ಕೈಗೆ ಪಳಗುತ್ತದೆ.

ಇನ್ನೊಂದು ಮಾತು. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನಲ್ಲಿ ದೃಶ್ಯದ ಅಗಲ ಕಡಿಮೆಯಾಗುತ್ತದೆ. ಅಲ್ಲಿ 58 ಮಿ.ಮೀ. ಲೆನ್ಸು, ದೊಡ್ಡ ಸೆನ್ಸರಿನ ಸುಮಾರು 87 ಮಿ.ಮೀ. ಲೆನ್ಸಿನಷ್ಟೇ ದೃಶ್ಯ ಹಿಡಿಯುತ್ತದೆ. ಮುಖಚಿತ್ರಕ್ಕೆ ಸೊಗಸು, ಸಣ್ಣ ಕೋಣೆಯ ಹುಟ್ಟುಹಬ್ಬಕ್ಕೆ ಇಕ್ಕಟ್ಟು. ಓಡಾಡುವ ಮಕ್ಕಳ ಹಿಂದೆ ಈ ಲೆನ್ಸ್ ಹಿಡಿದು ಓಡಬೇಡಿ, ಆಟೋಫೋಕಸ್ಸೇ ವಾಸಿ.

ಬೂಷ್ಟಿನ ಭಯ

ಅಡಾಪ್ಟರ್ ಕೊಳ್ಳುವ ಮುನ್ನ ಲೆನ್ಸನ್ನು ಪರೀಕ್ಷಿಸಿ. ಅಪರ್ಚರ್ ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಸ್ವಲ್ಪವಿದ್ದಾಗ ಅನುಭವಿ ಮೆಕ್ಯಾನಿಕ್ ಬಿಚ್ಚಿ ಒರೆಸಬಲ್ಲ. ತಡವಾದರೆ ಗಾಜಿನ ಮೇಲಿನ ಲೇಪನವನ್ನೇ ತಿಂದು, ಅಳಿಸಲಾಗದ ಕಲೆ ಉಳಿಸುತ್ತದೆ. ಮುಂಬೈ, ಚೆನ್ನೈಗಳ ತೇವದ ಗಾಳಿಯಲ್ಲಿ ಇದು ಬೇಗ ಹಬ್ಬುತ್ತದೆ. ಅಂದದ ಚರ್ಮದ ಚೀಲವೂ ತೇವ ಹಿಡಿದಿಡುತ್ತದೆ, ಅದರಲ್ಲಿ ಮಾತ್ರ ಇಡಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೆಲ್‌ನ ಬಣ್ಣ ಬದಲಾದಾಗ ಒಣಗಿಸುವುದು, ಇಷ್ಟು ಸಾಕು. ಎಲ್ಲಕ್ಕಿಂತ ಒಳ್ಳೆಯ ಮದ್ದು, ಲೆನ್ಸನ್ನು ಆಗಾಗ ಬಳಸುವುದು.

ಅಂದಹಾಗೆ, ಈ ಮಳೆಗಾಲ ಕಳೆಯಲಿ ಎಂದು ಕಾಯುತ್ತ ಕೂರಬೇಡಿ. ಬೂಷ್ಟು ಕಾಯುವುದಿಲ್ಲ. ಊರಿಗೆ ಫೋನ್ ಮಾಡಿ, ಚೀಲದಿಂದ ಲೆನ್ಸನ್ನು ಹೊರಗಿಡಲು ಹೇಳಿ. ಮುಂದಿನ ಸಲ ಹೋದಾಗ, ಚಿಕ್ಕಂದಿನಲ್ಲಿ ನಿಮ್ಮ ಚಿತ್ರ ತೆಗೆದ ಅದೇ ಗಾಜಿನಿಂದ ಅಪ್ಪನ ಚಿತ್ರ ತೆಗೆಯಿರಿ. ಅವರು ಕುರ್ಚಿಯಲ್ಲಿ ಕೂತೇ "ಫೋಕಸ್ ಸರಿ ಇದೆಯೇನೋ?" ಎಂದು ಕೇಳದಿದ್ದರೆ ಹೇಳಿ!