ತೇವದ ಗಾಳಿಯ ಬಿಸಿ

ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2,400 ಕಿಲೋಜೂಲ್ ಬೇಕು. ಅಂದರೆ ಒಂದು ಯೂನಿಟ್ ವಿದ್ಯುತ್ತಿನ ಮೂರನೇ ಎರಡು ಭಾಗ. ಹಣ್ಣು, ಮೀನು, ಪಿಷ್ಟ, ಏನನ್ನೇ ಒಣಗಿಸಿದರೂ ಈ ಲೆಕ್ಕ ತಪ್ಪದು. ಸಾಮಾನ್ಯ ಬಿಸಿಗಾಳಿ ಡ್ರೈಯರ್ ಇದಕ್ಕಿಂತ ಬಹಳ ಹೆಚ್ಚನ್ನೇ ನುಂಗುತ್ತದೆ. ಆದರೆ ಆ ಶಕ್ತಿಯ ಬಹುಪಾಲು ನಾಶವಾಗಿರುವುದಿಲ್ಲ. ಹೊರಬೀಳುವ ತೇವದ ಗಾಳಿಯಲ್ಲಿ ಗುಪ್ತೋಷ್ಣವಾಗಿ ಉಳಿದಿರುತ್ತದೆ. ಆ ಗಾಳಿಯ ಉಷ್ಣತೆ ಕಡಿಮೆಯಾದ್ದರಿಂದ ಮತ್ತೆ ಒಣಗಿಸುವ ಕೆಲಸಕ್ಕೆ ನೇರವಾಗಿ ಒದಗುವುದಿಲ್ಲ, ಅಷ್ಟೆ.

ಹೀಟ್ ಪಂಪ್ ಬೇಕಾಗುವುದು ಇಲ್ಲಿ. ತೇವದ ಗಾಳಿ ಮೊದಲು ತಣ್ಣನೆಯ ಇವ್ಯಾಪೊರೇಟರ್ ಸುರುಳಿಯ ಮೇಲೆ ಹಾಯುತ್ತದೆ. ಅದರ ನೀರು ಹನಿಗಟ್ಟಿ ಇಳಿಯುವಾಗ ಬಿಟ್ಟುಕೊಡುವ ಶಾಖಕ್ಕೆ ಸುರುಳಿಯೊಳಗಿನ ಶೀತಕ ಕುದಿದು ಅನಿಲವಾಗುತ್ತದೆ. ಕಂಪ್ರೆಸರ್ ಒತ್ತಿದಾಗ ಆ ಅನಿಲದ ಬಿಸಿ ಏರುತ್ತದೆ. ಕಂಡೆನ್ಸರಿನಲ್ಲಿ ಅದು ಮರಳಿ ದ್ರವವಾಗುತ್ತ, ನೀರು ಕಳೆದುಕೊಂಡ ಅದೇ ಗಾಳಿಯನ್ನು ಕಾಯಿಸಿ ಡ್ರೈಯರಿಗೆ ಕಳಿಸುತ್ತದೆ. ಮನೆಯ ಫ್ರಿಜ್ಜಿನಲ್ಲಿರುವುದೂ ಇದೇ ಚಕ್ರ. ಅಲ್ಲಿ ಹಿಂಬದಿಯ ಶಾಖ ಯಾರಿಗೂ ಬೇಡ, ಇಲ್ಲಿ ಬೇಕಾದದ್ದೇ ಅದು.

ಉಳಿತಾಯವೆಲ್ಲ ಶಾಖವನ್ನು ಎಷ್ಟು ಡಿಗ್ರಿ ಮೇಲೆತ್ತಬೇಕು ಎಂಬುದರ ಮೇಲೆ ನಿಂತಿದೆ. 30 ಡಿಗ್ರಿ ಸೆಲ್ಸಿಯಸ್‌ನಿಂದ 80ಕ್ಕೆ ಎತ್ತುವಾಗ ಒಂದು ಯೂನಿಟ್ ವಿದ್ಯುತ್ತಿಗೆ ಸಿದ್ಧಾಂತದ ಪ್ರಕಾರ ಏಳು ಯೂನಿಟ್ ಶಾಖ ಸಿಗಬೇಕು. ನಿಜವಾದ ಯಂತ್ರದಲ್ಲಿ ಅದರ ಅರ್ಧದಷ್ಟು ಸಿಕ್ಕರೂ ಲಾಭವೇ. ಅಂತರ ಹೆಚ್ಚಿದಷ್ಟೂ ಲಾಭ ಕರಗುತ್ತದೆ.

ಹಾಗಾಗಿ ತಂತ್ರ ಮೊದಲು ಹೊಂದಿಕೊಂಡದ್ದು ಕಡಿಮೆ ಬಿಸಿಯ ಕೆಲಸಗಳಿಗೆ. ನಾರ್ವೆಯಲ್ಲಿ ಉಪ್ಪು ಹಚ್ಚಿದ ಕಾಡ್ ಮೀನನ್ನು 20–25 ಡಿಗ್ರಿಯಲ್ಲೇ ಒಣಗಿಸಬೇಕು. ಹೆಚ್ಚು ಬಿಸಿಯಾದರೆ ಮೀನು ಬೆಂದಂತಾಗುತ್ತದೆ. ಗಾಳಿಯನ್ನು ಕಾಯಿಸುವುದಕ್ಕಿಂತ ಅದರ ತೇವ ತೆಗೆಯುವುದೇ ಅಲ್ಲಿ ಮುಖ್ಯ, ಹೀಟ್ ಪಂಪ್ ಎರಡನ್ನೂ ಮಾಡುತ್ತದೆ. ಹಣ್ಣು, ಸೊಪ್ಪುಗಳ ಬಣ್ಣ, ಪರಿಮಳ ಉಳಿಯುವುದಕ್ಕೂ ಈ ಕಡಿಮೆ ಬಿಸಿಯೇ ಕಾರಣ.

ನೂರು ಡಿಗ್ರಿ ದಾಟಿದ ಕೆಲಸ ಕಷ್ಟದ್ದು. ಆಸ್ಟ್ರಿಯಾದ ಪಿಷೆಲ್ಸ್‌ಡಾರ್ಫ್‌ನಲ್ಲಿರುವ ಅಗ್ರಾನಾ ಪಿಷ್ಟ ಕಾರ್ಖಾನೆಯಲ್ಲಿ, ಐರೋಪ್ಯ ಒಕ್ಕೂಟದ ಡ್ರೈಎಫಿಷಿಯೆನ್ಸಿ ಯೋಜನೆಯಡಿ, 160 ಡಿಗ್ರಿಯವರೆಗೆ ಶಾಖ ಕೊಡಬಲ್ಲ ಹೀಟ್ ಪಂಪನ್ನು ಗೋಧಿ ಪಿಷ್ಟದ ಡ್ರೈಯರಿಗೆ ಜೋಡಿಸಿ ನೋಡಲಾಯಿತು. ಆ ದೇಶಕ್ಕೆ ಇದು ಹೊಸದಲ್ಲ. ಉಪ್ಪುನೀರಿನಿಂದ ಏಳುವ ಹಬೆಯನ್ನೇ ಒತ್ತಿ, ಅದರ ಬಿಸಿಯಿಂದ ಮತ್ತಷ್ಟು ಉಪ್ಪುನೀರನ್ನು ಕುದಿಸುವ ಯಂತ್ರವನ್ನು ಪೀಟರ್ ರಿಟ್ಟಿಂಗರ್ 1850ರ ದಶಕದಲ್ಲೇ ಎಬೆನ್‌ಸೀಯಲ್ಲಿ ಪ್ರಯೋಗಿಸಿದ್ದ.

ಮಿತಿಗಳೂ ಇವೆ. ಒಣಗುವಿಕೆಯ ಕೊನೆಯ ಹಂತದಲ್ಲಿ ಪದಾರ್ಥ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೊರಬರುವ ಗಾಳಿಯಲ್ಲಿ ತೇವ ಕಡಿಮೆಯಾಗಿ ಪಂಪಿಗೆ ಹೀರಲು ಗುಪ್ತೋಷ್ಣವೂ ಕಡಿಮೆ ಸಿಗುತ್ತದೆ. ಇನ್ನೊಂದು, ವಿದ್ಯುತ್ತಿನ ಮೂಲ. ಕಲ್ಲಿದ್ದಲು ಸ್ಥಾವರ ಇಂಧನದ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುವುದರಿಂದ, ಒಂದಕ್ಕೆ ಮೂರರಷ್ಟೂ ಶಾಖ ಕೊಡದ ಪಂಪು ಒಳ್ಳೆಯ ಗ್ಯಾಸ್ ಬಾಯ್ಲರಿಗಿಂತ ಹೆಚ್ಚೇನೂ ಇಂಧನ ಉಳಿಸುವುದಿಲ್ಲ.